ಸಮಡೋಳಿಯ ಚೌರಂಗ

ಆ ದಿನದ ಪುಟದಲ್ಲಿ ಪ್ರಣಾಲಿ ನಾಲ್ಕೇ ಸಾಲು ಬರೆದಳು.

"ಪಾಲಿಶಿನ ಚಪಡಾ ಗಿಡದ ಅಂಟಲ್ಲ, ಹುಳದ್ದು. ಅದನ್ನ ಚೌರಂಗಕ್ಕ ಹಚ್ಚಿದಾಕಿ ನಾನು. ಆಜಿ ದಿನಾ ಮುಂಜಾನೆ ಅದರ ಮ್ಯಾಲ ಕುಂತು ಜಪಾ ಮಾಡತಾಳ. ಇನ್ನೂ ಯಾರಿಗೂ ಹೇಳಿಲ್ಲ."

ಬರೆದು ಡೈರಿಯನ್ನು ಗಾದಿಯ ಕೆಳಗೆ ತಳ್ಳಿದಳು. ಮತ್ತೆ ತೆಗೆದು ಕಪಾಟಿನಲ್ಲಿ, ಚಳಿಗಾಲದ ಶಾಲುಗಳ ನಡುವೆ ಇಟ್ಟಳು. ಡೈರಿಯ ಜಾಗ ಬದಲಿಸಿದ್ದು ಇದೇ ಮೊದಲು. ಇಷ್ಟು ದಿನ ಅದಕ್ಕೆ ಯಾರ ಭಯವೂ ಇರಲಿಲ್ಲ. ಪಪ್ಪಾ, ಮಮ್ಮಿ, ಅಣ್ಣ ಪ್ರತೀಕ, ಮೂವರೂ ಮರಾಠಿ ಶಾಲೆಯಲ್ಲಿ ಕಲಿತವರು. ಮನೆಯಲ್ಲಿ ಕನ್ನಡ ಆಡಿದರೂ ಅಕ್ಷರ ಒಂದೂ ಬಾರದು. ಪ್ರಣಾಲಿಗೆ ಅಕ್ಷರ ಕಲಿಸಿದ್ದು ಆಜಿ. ಆಜಿ ಸಣ್ಣವಳಿದ್ದಾಗ ಸೋದರಮಾವನ ಊರು ಉಗಾರದಲ್ಲಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳು. ಅಂದರೆ ಈ ಮನೆಯಲ್ಲಿ ಆ ನಾಲ್ಕು ಸಾಲು ಓದಬಲ್ಲವಳು ಆಜಿ ಒಬ್ಬಳೇ, ಮತ್ತು ಅವನ್ನು ಬಚ್ಚಿಡಬೇಕಾದದ್ದೂ ಅವಳಿಂದಲೇ.

ಇದೆಲ್ಲ ಸುರುವಾದದ್ದು ಜೂನ್ ತಿಂಗಳಲ್ಲಿ, ಒಂದು ಊಟದ ಹೊತ್ತಿಗೆ.

ಸಾಂಗ್ಲಿಯ ಗಾವಭಾಗದ ಆ ಜೈನ ಮನೆಯಲ್ಲಿ ರಾತ್ರಿಯೂಟವೆಂಬುದು ಇಲ್ಲ. ಹೊತ್ತು ಮುಳುಗುವ ಮೊದಲೇ ತಾಟು ತೊಳೆದಿರಬೇಕು. ಪ್ರಣಾಲಿಯ ಪಪ್ಪಾ ಭರತೇಶ ತನ್ನ ಪ್ಲೈವುಡ್-ಸನ್‌ಮೈಕಾ ದುಕಾನವನ್ನು ಆಳಿನ ಕೈಗೆ ಬಿಟ್ಟು ಆರಕ್ಕೆ ಮನೆಗೆ ಬಂದು, ಉಂಡು, ಮತ್ತೆ ದುಕಾನಕ್ಕೆ ಹೋಗುತ್ತಾನೆ. ಪ್ರತೀಕ ಕುಪವಾಡದ ಕಾರಖಾನೆಯಿಂದ ಗಾಡಿ ಓಡಿಸಿಕೊಂಡು ಬರುತ್ತಾನೆ. ಮೋಡ ಕವಿದ ದಿನ ಹೊತ್ತು ಕಾಣದು. ಆಗ ಆಜಿ ಅಕ್ಕಾತಾಯಿ ಗೋಡೆಯ ಗಡಿಯಾರದ ಕೆಳಗೆ ಕುಳಿತು ಎಲ್ಲರ ತುತ್ತು ಎಣಿಸುತ್ತಾಳೆ.

"ಚೌಕಾ ಹಾಕೂದು ಪಕ್ಕಾ ಆದರ, ಈ ಪಡಸಾಲಿ ಅವತಾರ ಬದಲಾಗಬೇಕು," ಎಂದ ಭರತೇಶ.

ಈ ಸಲದ ಚಾತುರ್ಮಾಸಕ್ಕೆ ಮುನಿಗಳ ಸಂಘ ಊರ ಬಸದಿಯಲ್ಲಿ ತಂಗುವುದಿತ್ತು. ಒಂದು ದಿನ ತನ್ನ ಮನೆಯಲ್ಲೂ ಚೌಕಾ ಹಾಕಬೇಕು, ಶುದ್ಧ ನೀರು ಶುದ್ಧ ಹಿಟ್ಟಿನಲ್ಲಿ ಅಡಿಗೆ ಮಾಡಿ ಬಾಗಿಲಲ್ಲಿ ನಿಂತು ಮುನಿಗಳನ್ನು ಆಹಾರಕ್ಕೆ ಕರೆಯಬೇಕು ಎಂಬುದು ಅಕ್ಕಾತಾಯಿಯ ಹತ್ತು ವರ್ಷದ ಆಸೆ.

"ಸ್ವಾಮಿಗಳು ಒಳಗ ಬಂದರ ಮೊದಲ ಕೂಡ್ರಸಿ ಪಾದಾ ತೊಳೀಬೇಕು," ಭರತೇಶ ಮುಂದುವರಿಸಿದ. " ಅದಕ್ಕ ಒಂದು ಚಂದ ಆಸನ ಬೇಕು. ದುಕಾನದಾಗ ಮಾಡಿಸಿ ತರತೇನಿ. ಬಿಳೀ ಸನ್‌ಮೈಕಾ, ಅಂಚಿಗೆ ಬಂಗಾರದ ಪಟ್ಟಿ."

"ಆಸನ ಐತಿ," ಎಂದಳು ಆಜಿ.

"ಎಲ್ಲೈತ್ರಿ ಅವ್ವಾ?"

"ಇನ್ವರ್ಟರ್ ಬುಡಕ."

ಎಲ್ಲರೂ ಮೂಲೆಯ ಕಡೆ ತಿರುಗಿದರು. ಬ್ಯಾಟರಿಯ ಭಾರ ಹೊತ್ತು, ಒಂದು ಕಾಲು ಸೊಟ್ಟಾಗಿ, ಸಿಪ್ಪೆ ಏಳುತ್ತಿರುವ ನೀಲಿ ಬಣ್ಣ ಬಳಿದುಕೊಂಡು ಅದು ಕುಳಿತಿತ್ತು: ಚೌಕಾಕಾರದ, ಮೊಣಕಾಲೆತ್ತರದ ಚೌರಂಗ. ಅಕ್ಕಾತಾಯಿಯ ಲಗ್ನದಲ್ಲಿ ಸಮಡೋಳಿಯಿಂದ ಬಂದದ್ದು.

"ಅದಾ? ಅದಕ್ಕ ಆ್ಯಸಿಡ್ ಬಿದ್ದೈತಿ, ಹುಳ ತಿಂದ ತೂತು ಅದಾವ. ನಾಳಿ ಮುರಕಾ ಸಾಮಾನ ಒಯ್ಯೂ ಭಂಗಾರದವ ಬರತಾನ, ಕೊಟ್ಟು ಬಿಡೂಣ. ಊರ ಮಂದಿಗೆ ಹೊಸಾದು ತಗೋರಿ ಅಂತ ಹೇಳಾವ ನಾ. ನನ್ನ ಮನ್ಯಾಗs ಇಂಥಾದ್ದು ಇಟಗೊಂಡರ ನಗೂದಿಲ್ಲೇನ್ರಿ ಮಂದಿ?"

"ಹೊಳಿಗೆ ಮಹಾಪೂರ ಬಂದಾಗ ನಿನ್ನ ಪ್ಲೈವುಡ್ ಏನಾತು?"

ಭರತೇಶನ ಕೈ ಭಕ್ಕರಿಯ ಮೇಲೆ ನಿಂತಿತು.

"ಪುರಿ ಉಬ್ಬಿಧಂಗ ಉಬ್ಬಿತ್ತಲ್ರಿ," ಎಂದಳು ಅವನ ಹೆಂಡತಿ ಶಾಲನ. "ಕಪಾಟು, ದಿವಾನ, ಟೀವಿ ಟೇಬಲ್. ಎರಡು ಟೆಂಪೋ ತುಂಬಿ ಹೊರಗ ಒಗದಿವಿ."

"ನೀ ಯಾರ ಕಡೆಯಾಕಿ?"

"ನಾ ಆಮಟಿ ಬಡಸಾಕಿ. ಹಾಕಲೇನು?"

ಪ್ರತೀಕ ಗಂಟಲಲ್ಲೇ ನಕ್ಕ. ಆಜಿ ಬಿಡಲಿಲ್ಲ. "ಚೌರಂಗ ಏನಾತು, ಅದನ್ನೂ ಹೇಳ್ರಿ."

"ತೇಲಿಕೊಂಡು ಹೋಗಿ ಕಿಟಕೀ ಸರಳಿಗೆ ತಗಲಿ ನಿಂತಿತ್ತು," ಎಂದ ಪ್ರತೀಕ. "ಕೆಸರು ತೊಳದರ ಮೊದಲಿನಂಗs ಇತ್ತು. ಆಮ್ಯಾಲ ಪಪ್ಪಾ ಅದಕ್ಕ ನೀಲೀ ಬಣ್ಣಾ ಬಳದ್ರು."

"ಕಲೆ ಮುಚ್ಚಾಕ ಬಳದೆ! ಉಳಸಬೇಕಂತs ಬಳದೆ!"

ಗಡಿಯಾರ ಏಳಕ್ಕೆ ಹತ್ತು ನಿಮಿಷ ತೋರಿಸಿತು. ಜಗಳ ಅಲ್ಲಿಗೆ ನಿಂತಿತು, ಮುಗಿಯಲಿಲ್ಲ. ಪ್ರಣಾಲಿ ಒಂದು ಮಾತೂ ಆಡಿರಲಿಲ್ಲ. ಅವಳು ಆಡುವವಳೂ ಅಲ್ಲ. ಬಿ.ಎ. ಮುಗಿದು ವರ್ಷವಾಗಿತ್ತು. ಎರಡು ಇಂಟರವ್ಯೂಗಳಲ್ಲಿ ಉತ್ತರ ಗೊತ್ತಿದ್ದೂ ಬಾಯಿ ತೆರೆಯದೆ ಎದ್ದು ಬಂದಿದ್ದಳು. ತಾಟುಗಳನ್ನು ಬಳಿದು ಒಯ್ಯುವಾಗ ಮಾತ್ರ ಮೂಲೆಯ ಮುಂದೆ ಒಂದು ಗಳಿಗೆ ನಿಂತಳು.

ಮರುದಿನ ಭಂಗಾರದವನು ಬರುವ ಮೊದಲೇ ಪ್ರತೀಕನನ್ನು ಎಬ್ಬಿಸಿ ಬ್ಯಾಟರಿ ಕೆಳಗಿಳಿಸಿಕೊಂಡಳು.

"ಎಲ್ಲಿಗೆ ಒಯ್ಯಾಕಿ?"

"ಮಿರಜಿಗೆ."

"ಯಾಕ?"

"ಹಿಂಗs."

"ನಿನ್ನ ಹತ್ರ ಮಾತು ತಗಸೂದಕ್ಕಿಂತ ಈ ಬ್ಯಾಟರಿ ಎತ್ತೂದು ಸಲೀಸ," ಎಂದು ಅವನು ರಿಕ್ಷಾ ನಿಲ್ಲಿಸಿದ.

ಮಿರಜಿನಲ್ಲಿ ಸಿತಾರ ಮಾಡುವವರ ಓಣಿ ಮುಗಿಯುವಲ್ಲಿ ಗಂಗಾರಾಮಕಾಕಾನ ಸಣ್ಣ ಕಾರಖಾನೆ. ಕಾಲೇಜಿಗೆ ಹೋಗುವ ಮೂರು ವರ್ಷ ಪ್ರಣಾಲಿ ಆ ಬಾಗಿಲ ಮುಂದೆ ದಿನವೂ ಹೆಜ್ಜೆ ನಿಧಾನ ಮಾಡಿದವಳು. ಕಾಕಾ ಸುತಾರರ, ಅಂದರೆ ಬಡಿಗರ ಮನೆತನದವನು, ತಂಬೂರಿ ಸಿತಾರಗಳಿಗೆ ಪಾಲಿಶ್ ಏರಿಸುತ್ತಲೇ ತಲೆ ಬೆಳ್ಳಗಾದವನು. ಚೌರಂಗ ಇಳಿಸಿಕೊಂಡು ಅವಳು ಹೊಸ್ತಿಲ ಹೊರಗೇ ನಿಂತಾಗ ಒಳಗಿಂದಲೇ ಕೇಳಿದ.

"ಏನವಾ, ಮೂರು ವರ್ಷ ಹೊರಗ ನಿಂತು ನೋಡಿದಿ. ಇವತ್ತು ಒಳಗ ಬರಾಕಿಯೋ, ಇಲ್ಲೋ?"

ಕಾಕಾ ಚೌರಂಗವನ್ನು ತಿರುವಿಹಾಕಿ ಮೂಸಿದ, ಬೆರಳಿನಿಂದ ಬಡಿದು ಕಿವಿಗೊಟ್ಟ.

"ಇದಕ್ಕ ನೀಲಿ ಬಳದಾವ ಯಾರು?"

"ನಮ್ಮ ಪಪ್ಪಾರಿ."

"ಏನ ಮಾಡತಾರ?"

"ಪ್ಲೈವುಡ್ ದುಕಾನರಿ."

"ಹಾಂ," ಎಂದ ಕಾಕಾ, ಎಲ್ಲ ತಿಳಿದವರ ಹಾಗೆ. "ನೋಡವಾ, ನನ್ನ ಕಣ್ಣು ಮೊದಲಿನಂಗಿಲ್ಲ. ಸಿತಾರ ಬಿಟ್ಟು ಬ್ಯಾರೆ ಹಿಡಿಯೂದಿಲ್ಲ. ನೀ ಮಾಡು, ನಾ ಹೇಳತೇನಿ. ಕೈಯಾಗಿನ ಬಳಿ ತಗದಿಡು."

ವಾರಕ್ಕೆ ಮೂರು ದಿನ ಅವಳು ಮಿರಜಿನ ಬಸ್ಸು ಹತ್ತಿದಳು. ಒಡೆದ ಗಾಜಿನ ಚೂರನ್ನು ಓರೆಯಾಗಿ ಹಿಡಿದು ಬಣ್ಣ ಕೆರೆಯುವುದನ್ನು ಕಲಿತಳು. ಒತ್ತಿದರೆ ಗೀರು ಬೀಳುತ್ತದೆ, ಸಡಿಲ ಬಿಟ್ಟರೆ ಬಣ್ಣ ಬಿಡುವುದಿಲ್ಲ. ನೀಲಿಯ ಕೆಳಗೆ ಪೂರದ ಕೆಸರಿನ ಗೆರೆ, ಕೆಸರಿನ ಕೆಳಗೆ ಅರುವತ್ತು ವರ್ಷದ ಎಣ್ಣೆ ಅರಿಸಿನದ ಜಿಡ್ಡು, ಅದರ ಕೆಳಗೆ ಕಾಕವಿ ಬೆಲ್ಲದ ಬಣ್ಣದ ತೇಗ. ಮೊದಲ ಸಲ ಅಂಗೈಯಗಲ ಕಟ್ಟಿಗೆ ಬಯಲಾದಾಗ ಪ್ರಣಾಲಿ ಅದರ ಮೇಲೆ ಕೈಯಿಟ್ಟು ಕುಳಿತಳು. ಕಾಕಾ ನೋಡಿಯೂ ನೋಡದವನಂತೆ ಚಹಾ ತರಿಸಿದ.

ಒಂದು ಮೂಲೆಯಲ್ಲಿ ನಾಲ್ಕು ಬೆರಳಗಲದ ಚೌಕು ತೇಪೆ ಸಿಕ್ಕಿತು. ಉಗುರು ಕೂಡ ಹೋಗದಷ್ಟು ಬಿಗಿಯಾಗಿ ಕೂಡಿಸಿದ್ದರು. ಮನೆಗೆ ಬಂದು ಆಜಿಯನ್ನು ಕೇಳಿದಳು.

"ಅದು ತೊಲಿ ಇತ್ತವಾ," ಎಂದಳು ಆಜಿ, ಹೀರೀಕಾಯಿಯ ಎಳೆ ತೆಗೆಯುತ್ತ. "ಸಮಡೋಳ್ಯಾಗ ನಮ್ಮಪ್ಪನ ಮನೀ ತೊಲಿ. ಕಂಬ ಸೇರಸಿದ್ದ ತೂತು ಅದು, ಮುಚ್ಚ್ಯಾರ. ಮನಿ ಬಿಚ್ಚಿ ಕಟ್ಟಿದಾಗ ಹೊಸಾ ಕಟಗಿ ಬ್ಯಾಡ ಅಂದ ನಮ್ಮಪ್ಪ. ಆ ತೊಲೀ ಬುಡಕ ನಾ ಹುಟ್ಟೇನಿ, ಅದನ್ನs ಕೊಯಿಸಿ ಚೌರಂಗ ಮಾಡಿಸಿ ನನ್ನ ಸಂಗಾಟ ಕಳಿಸಿದ."

"ಅಂದರ ಇದು ಮೊದಲs ಒಮ್ಮೆ ಹಳೇದು ಹೊಸಾದಾಗೇತಿ," ಎಂದಳು ಪ್ರಣಾಲಿ. ಅವಳ ಮಟ್ಟಿಗೆ ಅದು ದೊಡ್ಡ ಭಾಷಣ.

ಆಜಿ ಒಪ್ಪಿದ್ದು ಒಂದು ಕರಾರಿನ ಮೇಲೆ. "ಆ ಹುಳ ತಿಂದ ತೂತಿನ್ಯಾಗ ಜೀವ ಇದ್ದರ ಔಷಧ ಹೊಡದು ಕೊಲ್ಲೂದಿಲ್ಲ. ಇದ್ದರ ಇರಲಿ, ಅವೂ ಬದಕಲಿ."

ಕಾಕಾ ಇದನ್ನು ಕೇಳಿ ನಗಲಿಲ್ಲ. "ಬಾಡಗಿದಾರರು ಮನಿ ಖಾಲಿ ಮಾಡಿ ಬಾಳ ವರ್ಷ ಆತು," ಎಂದ. ಆದರೂ ಆಜಿಯ ಸಮಾಧಾನಕ್ಕೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಚೌರಂಗವನ್ನು ಎಂಟು ದಿನ ಇಟ್ಟರು. ಹುಳವಿದ್ದರೆ ಹಿಟ್ಟಿನಂಥ ಪುಡಿ ಉದುರುತ್ತದೆ. ಒಂದು ಕಣವೂ ಬೀಳಲಿಲ್ಲ. ಆ ಬಟ್ಟೆಯನ್ನು ಮಡಚಿ ತಂದು ಆಜಿಗೆ ತೋರಿಸಿದ ಮೇಲೆಯೇ ತೂತು ತುಂಬುವ ಕೆಲಸ.

"ಏನ ಹಾಕಿ ತುಂಬತೀರಿ?" ಎಂದು ಆಜಿ ಕೇಳಿದಳು.

"ತೇಗದ ಹುಡಿ, ಅಂಟಿನ್ಯಾಗ ಕಲಿಸಿರಿ."

"ಯಾವ ಅಂಟು? ಸುತಾರರು ಚರ್ಮಾ ಕುದಿಸಿದ ಅಂಟು ಇಟಗೊಂಡಿರತಾರ, ಅದಲ್ಲ ಹೌದಿಲ್ಲೋ?"

"ಅಲ್ಲರಿ, ಗೋಂದು. ಜಾಲೀ ಗಿಡದ್ದು."

"ಹಂಗಾರ ಆತು."

ಕಾಕಾನನ್ನು ಎರಡು ಸಲ ಕೇಳಿ ತಿಳಿದುಕೊಂಡಿದ್ದ ಪ್ರಣಾಲಿ ಮೂರನೆಯ ಸಲ ಕೇಳಲಿಲ್ಲ. ಪಾಲಿಶಿನ ಚಪಡಾ ನೋಡಲು ಚಿಕ್ಕಿಯ ತೆಳ್ಳನೆ ಚೂರಿನ ಹಾಗೆ, ಗೋಂದಿನ ಹಾಗೆಯೇ ಹೊಳೆಯುತ್ತಿತ್ತು. ಇದೂ ಗಿಡದ್ದೇ ಎಂದುಕೊಂಡಳು. ಆಜಿಗೂ ಹಾಗೆಯೇ ಹೇಳಿದಳು.

ಆದರೆ ಅದು ಆಮೇಲಿನ ಮಾತು. ಅದಕ್ಕೂ ಮೊದಲು ಒಂದು ಮಳೆಯ ದಿನ, ಬಸ್ಸುಗಳು ನಿಂತಿವೆಯೆಂದು ಭರತೇಶ ಮಗಳನ್ನು ಕರೆದೊಯ್ಯಲು ಮಿರಜಿಗೆ ಬಂದ. ರೇನ್‌ಕೋಟಿನಿಂದ ನೀರು ಸುರಿಸುತ್ತ ನಿಂತವನು, ಬಣ್ಣ ಕಳಚಿದ ಚೌರಂಗವನ್ನು ಕಂಡು ಬಗ್ಗಿದ. ಬುಡಮೇಲು ಮಾಡಿದ. ಕಾಲು ಕೂಡುವ ಜಾಗದಲ್ಲಿ ಹೆಬ್ಬೆರಳು ಆಡಿಸಿದ.

"ಮೊಳಿ ಎಲ್ಲದಾವ?"

"ಇಲ್ಲರಿ."

"ಒಂದೂ?"

"ಒಂದೂ ಇಲ್ಲರಿ. ಕಟಗ್ಯಾಗ ಕಟಗಿ ಕೂಡ್ಸ್ಯಾರ. ಸಡಲಾಗಿದ್ದ ಕಾಲಿಗೆ ಒಂದು ಬೆಣಿ ಹೊಡದೆ, ಬಿಗೀ ಆತು."

"ನೀ ಹೊಡದೆ?"

"ಹ್ಞೂಂ."

ಇಪ್ಪತ್ತೈದು ವರ್ಷ ಕಟ್ಟಿಗೆಯ ಹೆಸರಿನಲ್ಲಿ ವ್ಯಾಪಾರ ಮಾಡಿದವನು ಆ ಕಾಲನ್ನು ಇನ್ನೊಮ್ಮೆ ಅಲುಗಿಸಿ ನೋಡಿದ. ಮರುದಿನ ಊಟಕ್ಕೆ ಬಂದಾಗ ಅವಳ ತಾಟಿನ ಪಕ್ಕ ಒಂದು ಕಟ್ಟು ಇಟ್ಟ. ಒರಟು, ಮಧ್ಯಮ, ನುಣುಪು, ಮೂರು ನಮೂನೆಯ ಪಾಲಿಶ್ ಪೇಪರ್.

"ದುಕಾನದಾಗ ಸುಮ್ಮನ ಬಿದ್ದಿದ್ವು," ಎಂದ.

"ಬಿದ್ದದ್ದಕ್ಕ ಹೊಸಾ ಸೀಲ್ ಹೆಂಗ ಬಂತ್ರಿ?" ಎಂದಳು ಶಾಲನ.

"ಉಣ್ಣಾಕ ಹಾಕ್ತಿಯೋ ಇಲ್ಲೋ?"

ಪಾಲಿಶ್ ಏರಿಸಲು ಹನ್ನೆರಡು ದಿನ ಹಿಡಿಯಿತು. ಸ್ಪಿರಿಟ್‌ನಲ್ಲಿ ಕರಗಿಸಿದ ಚಪಡಾ, ಹತ್ತಿಯ ಉಂಡೆಯನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸುತ್ತಿದ ಗಂಟು. ಕೈ ನಿಲ್ಲಬಾರದು. ಮರಾಠಿ ನಾಲ್ಕು ಬರೆದಂತೆ ತಿರುಗಿಸುತ್ತ ತಿರುಗಿಸುತ್ತ ಹೋಗಬೇಕು. ಒಂದು ಕೈ, ಒಣಗಲು ಬಿಡು, ಇನ್ನೊಂದು ಕೈ. ಹತ್ತನೆಯ ಸಲಕ್ಕೆ ಕಟ್ಟಿಗೆಯ ಎಳೆಗಳು ಎದ್ದು ಬಂದವು. ಇಪ್ಪತ್ತನೆಯದಕ್ಕೆ ತೊಲೆಯ ಹೊಟ್ಟೆಯೊಳಗಿನ ಉಂಗುರಗಳು ಕಂಡವು. ಆ್ಯಸಿಡ್ ಬಿದ್ದ ಕಲೆ ಮಾತ್ರ ಪೂರ್ತಿ ಹೋಗಲಿಲ್ಲ. "ಇರಲಿ ಬಿಡು," ಎಂದ ಕಾಕಾ. "ನಿಮ್ಮ ಮನಿಗೆ ದೀಪಾ ಹಚ್ಚಿದ್ದರ ಗುರ್ತು ಅದು." ಪ್ರಣಾಲಿಗೆ ರಟ್ಟೆ ನೋಯುತ್ತಿತ್ತು, ಬೆರಳ ತುದಿ ಕಂದಾಗಿ ತೊಳೆದರೂ ಹೋಗುತ್ತಿರಲಿಲ್ಲ. ಆ ಹನ್ನೆರಡು ದಿನ ಅವಳು ಡೈರಿ ಬರೆಯಲು ಮರೆತಳು.

ನಾಗರಪಂಚಮಿಯ ಮುಂಜಾನೆ ಚೌರಂಗ ಮನೆಗೆ ಬಂತು. ಶಾಲನ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದು ಬಗ್ಗಿ ನೋಡಿದಳು. "ಅಯ್ಯ, ಇದರಾಗ ನನ್ನ ಮಾರಿ ಕಾಣತೈತಲ್ಲ!"

"ಹಂಗಾರ ಭಾರಿ ಮಜಬೂತ ಐತಿ, ಒಡದಿಲ್ಲ," ಎಂದು ಪ್ರತೀಕ ಲಟ್ಟಣಿಗೆಯ ಪೆಟ್ಟು ತಪ್ಪಿಸಿಕೊಂಡ. ಆದರೆ ಫೋಟೋ ತೆಗೆದು ಕಾರಖಾನೆಯ ಗೆಳೆಯರಿಗೆಲ್ಲ ಕಳಿಸಿದವನೂ ಅವನೇ.

ಆಜಿ ಹತ್ತಿರ ಬಂದಳು. ಎರಡೂ ಕೈಯಿಂದ ತಡವಿದಳು. ತೇಪೆಯ ಮೂಲೆಯನ್ನು ಹುಡುಕಿ ಅಲ್ಲಿ ಬೆರಳಿಟ್ಟಳು. ಮೆಲ್ಲಗೆ ಹತ್ತಿ ಕಾಲು ಮಡಚಿ ಕುಳಿತು ಕಣ್ಣು ಮುಚ್ಚಿದಳು. "ಅಪ್ಪನ ಮನ್ಯಾಗ ಕುಂತಂಗ ಆಗತೈತಿ," ಎಂದಳು. ಮರುದಿನದಿಂದ ಅವಳ ಜಪ ಅದರ ಮೇಲೆಯೇ. ಸ್ವಾಮಿಗಳಿಗೂ ಇದೇ ಆಸನ ಎಂದು ಸಾರಿಬಿಟ್ಟಳು.

"ಇರಲಿ," ಎಂದ ಭರತೇಶ. "ನಾ ಮಾಡಿಸಿದ ಬಿಳೀ ಆಸನಾನೂ ತಯಾರ ಐತಿ, ದುಕಾನದಾಗs ಇರಲಿ. ಬೇಕಾದರ ಅರ್ಧಾ ತಾಸಿನಾಗ ತರಸೂಣ."

ಮನೆಯ ಗಾಳಿಯೇ ಬದಲಾಯಿತು. ಎಸೆಯಲು ಇಟ್ಟಿದ್ದನ್ನು ಎಸೆಯುವ ಮೊದಲು ಶಾಲನ ಮಗಳ ಮುಖ ನೋಡತೊಡಗಿದಳು. ಅಟ್ಟದ ಮೇಲಿದ್ದ ಪ್ರತೀಕನ ತೊಟ್ಟಿಲು ಇಳಿಯಿತು. ಮಗ್ಗುಲು ಬಿಚ್ಚಿ, ಸರಳು ಉಳಿಸಿ, ಅಡ್ಡ ಹಲಗೆ ಕೂಡಿಸಿದಾಗ ಅಡಿಗೆಮನೆಗೆ ಗಾಳಿಯಾಡುವ ಕಾಯಿಪಲ್ಲೆಯ ಸ್ಟ್ಯಾಂಡ್ ಆಯಿತು.

"ನನ್ನ ತೊಟ್ಟಲದಾಗ ಹೀರೀಕಾಯಿ!" ಎಂದು ಪ್ರತೀಕ ಹಣೆ ಬಡಿದುಕೊಂಡ.

"ನಿನಗಿಂತ ಅವು ಶಾಣ್ಯಾ ಅದಾವು. ರಾತ್ರಿ ಅಳೂದಿಲ್ಲ," ಎಂದಳು ಅವನ ಅವ್ವ.

ಹಿತ್ತಲ ಬಾಗಿಲಿನ ಒಡೆದ ಕದ ಪ್ರಣಾಲಿಗೆ ಬರೆಯುವ ಟೇಬಲ್ ಆಯಿತು. ಹೊಸ ಟೇಬಲ್ ತರಲು ಎತ್ತಿಟ್ಟಿದ್ದ ದುಡ್ಡಿನಲ್ಲಿ ಆಜಿಯ ಕಣ್ಣಿಗೆ ಕನ್ನಡಕ ಬಂತು. ದುಕಾನದ ಗಿರಾಕಿಯೊಬ್ಬ ಹಳೆಯ ಝೋಪಾಳಿಯ ತೂಗುಮಣೆ ಸರಿಮಾಡಿ ಕೊಡುವವರು ಯಾರೆಂದು ಕೇಳಿದಾಗ, ಭರತೇಶ ಅದನ್ನು ಊಟಕ್ಕೆ ಕುಳಿತಾಗ ಹೇಳಿದ. ಯಾರಿಗೆ ಹೇಳುತ್ತಿದ್ದೇನೆಂದು ಮಾತ್ರ ತೋರಿಸಿಕೊಳ್ಳದೆ, ಉಪ್ಪಿನಕಾಯಿಯ ಭರಣಿಯನ್ನು ನೋಡುತ್ತ.

"ದುಕಾನದ ಹಿಂದಿನ ಖೋಲಿ ಖಾಲಿ ಐತಿ. ಚೌಕಾ ಒಂದು ಆಗಲಿ. ಆಮ್ಯಾಲ ಅಲ್ಲೆ ಯಾರರೆ ಹಳೇ ಸಾಮಾನ ರಿಪೇರಿ ಮಾಡತೇನಿ ಅಂದರ, ನನ್ನದೇನು ತಕರಾರಿಲ್ಲ."

ಆ ದಿನ ಡೈರಿಯಲ್ಲಿ ಒಂದೇ ಶಬ್ದವಿತ್ತು: "ಖೋಲಿ." ಅದರ ಕೆಳಗೆ ಮೂರು ಗೆರೆ.

ಆ ಖುಷಿಗೆ ಇನ್ನೂ ವಾರ ತುಂಬಿರಲಿಲ್ಲ. ಭಾದ್ರಪದದ ಸುರುವಿಗೆ ಕಾಕಾನ ಕಾರಖಾನೆಗೆ ಹೊಸ ಚೀಲ ಬಂತು. ಚಪಡಾ ಆರಿಸುವಾಗ ಅವಳ ಕೈಗೆ ಒಂದು ಸಣ್ಣ ಕಡ್ಡಿ ಸಿಕ್ಕಿತು. ಸುತ್ತಲೂ ಕೆಂಪು ಹಕ್ಕಳೆ, ಹಕ್ಕಳೆಯ ತುಂಬ ಸೂಜಿಮೊನೆಯಂಥ ತೂತು.

"ಕಾಕಾ, ಇದೇನ್ರಿ?"

"ಕಚ್ಚಾ ಮಾಲು ಅದು, ಸೋಸೂವಾಗ ಉಳದಿರಬೇಕು. ಹುಳಾ ಗಿಡದ ಟೊಂಗಿ ಮ್ಯಾಲ ಹಿಂಗ ಮನಿ ಕಟ್ಟತಾವ. ಅದನ್ನ ಕೆರದು ಕರಗಿಸಿದರ ಲಾಖ, ಅರಗು. ಬಳೀ ಮಾಡತಾರಲ್ಲ, ಅದs. ತೆಳ್ಳಗ ಎಳದು ಒಣಗಿಸಿದರ ಚಪಡಾ."

"ಹುಳಾ?"

"ಅವು ಒಳಗs ಇರತಾವ." ಅಷ್ಟು ಹೇಳಿದ ಮೇಲೆ ಕಾಕಾ ಅವಳ ಮುಖ ನೋಡಿದ. ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟ. "ಅಯ್ಯವಾ. ನಿಮ್ಮದು ಜೈನರ ಮನಿ. ಬಿಳೀ ಅರಿವಿ ಹಾಸಿ ಎಂಟು ದಿವಸ ಕಾದಾಕಿ ನಿಮ್ಮ ಆಜಿ. ನಾ ಹೇಳಬೇಕಿತ್ತು."

"ನಾ ಕೇಳಬೇಕಿತ್ತು," ಎಂದಳು ಪ್ರಣಾಲಿ.

ಕಾಕಾ ಕಪಾಟಿನಿಂದ ಎರಡು ಬಾಟಲಿ ತೆಗೆದ. "ಇದು ಬರೇ ಸ್ಪಿರಿಟ್. ಹಚ್ಚಿ ಒರಸಿದರ ಒಂದು ತಾಸಿನಾಗ ಎಲ್ಲಾ ಇಳೀತೈತಿ. ಇದು ಅಗಸೀ ಎಣ್ಣಿ, ತಿಕ್ಕಿದರ ಕಟಗಿ ಜೀವಾ ಹಿಡೀತೈತಿ. ಇಷ್ಟು ಹೊಳೀಲಿಕ್ಕಿಲ್ಲ. ಆದರ ಏರಿಸಿದ್ದನ್ನ ಇಳಸಾಕ ಬರತೈತಿ, ಅದು ಈ ಪಾಲಿಶಿನ ದೊಡ್ಡ ಗುಣ. ನಿಮ್ಮಪ್ಪನ ಸನ್‌ಮೈಕಾ ಕೀಳಾಕ ಹೋಗು, ಕಟಗೀನ ಕಿತ್ತು ಬರತೈತಿ."

"ಹೇಳದs ಇಳಸಿದರ?"

"ಹೊಳಪು ಎಲ್ಲಿ ಹೋತು ಅಂತ ಕೇಳತಾರ. ಆಗೇನು ಹೇಳಾಕಿ?"

ಅವಳು ಎರಡೂ ಬಾಟಲಿಗಳನ್ನು ಬ್ಯಾಗಿಗೆ ಹಾಕಿಕೊಂಡಳು. ಅಂದು ಸಂಜೆ ಬರೆದದ್ದೇ ಆ ನಾಲ್ಕು ಸಾಲು.

ದಿನಗಳು ಓಡಿದವು. ಹೇಳಬೇಕೆಂದು ಪ್ರತಿ ಮುಂಜಾನೆ ಎದ್ದಳು. ಆಜಿ ಚೌರಂಗದ ಮೇಲೆ ಕುಳಿತು ಜಪಮಾಲೆ ಎಣಿಸುತ್ತಿದ್ದಳು; ಜಪದ ನಡುವೆ ಮಾತಾಡಿಸಬಾರದು. ಜಪ ಮುಗಿದರೆ ನೀರು ಸೋಸುವ ಹೊತ್ತು, ಆಮೇಲೆ ಅಡಿಗೆಯ ಹೊತ್ತು. ಆಜಿ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದಳು. "ನಮ್ಮ ಪ್ರಣಾಲಿ ಮಾಡ್ಯಾಳ. ಒಂದು ಜೀವಕ್ಕ ನೋವಾಗಧಂಗ ಮಾಡ್ಯಾಳ." ಅಷ್ಟು ಕೇಳಿದ ಮೇಲೆ ಪ್ರಣಾಲಿ ಅಡಿಗೆಮನೆಗೆ ಸರಿದುಬಿಡುತ್ತಿದ್ದಳು. ಹೇಳಿದರೆ ಚೌರಂಗ ಮತ್ತೆ ಮೂಲೆಗೆ, ಬಿಳಿ ಸನ್‌ಮೈಕಾ ಪಡಸಾಲೆಗೆ. ಹಿಂದಿನ ಖೋಲಿಯ ಮಾತು ಅಲ್ಲಿಗೇ ಮುಗಿಯಿತು. ಎಲ್ಲಕ್ಕಿಂತ, ಆಜಿ ಇನ್ನು ಮೇಲೆ ಅವಳ ಮಾತು ನಂಬುವುದು ಹೇಗೆ? ಹೇಳದಿದ್ದರೆ, ಜೀವಮಾನವಿಡೀ ರೇಶ್ಮೆ ಉಡದ, ಜೇನು ನೆಕ್ಕದ ಹೆಂಗಸು ತನ್ನ ಕೈಯಾರೆ ಮುನಿಗಳನ್ನು ಅದರ ಮೇಲೆ ಕೂಡ್ರಿಸುವವಳು.

ಪರ್ಯುಷಣ ಪರ್ವದ ಮಧ್ಯೆ ಬಳೆ ಮಾರುವ ಮಾವಶಿ ಬಾಗಿಲಲ್ಲಿ ಬುಟ್ಟಿ ಇಳಿಸಿದಳು. ಶಾಲನ ಒಂದು ಜೋಡಿ ಎತ್ತಿಕೊಂಡು ಬೆಳಕಿಗೆ ಹಿಡಿದಳು. "ಚೌಕಾದ ದಿವಸಕ್ಕ ಚಂದ ಅದಾವಲ್ರಿ ಅತ್ತಿ?"

ಆಜಿ ಉಗುರಿನಿಂದ ಮುಟ್ಟಿ ನೋಡಿದಳು. "ಲಾಖದ್ದು. ಇಡವಾ ಕೆಳಗ. ಇದರ ವ್ಯಾಪಾರಾ ಮಾಡೂದs ನಮ್ಮವರಿಗೆ ನಿಷಿದ್ಧ ಐತಿ, ಇನ್ನ ಕೈಯಾಗ ಇಟಗೊಳ್ಳೂದಾ? ಎಷ್ಟು ಜೀವ ಹೋಗ್ಯಾವೋ ಒಂದು ಬಳಿಗೆ."

ಒಳಗೆ ಪ್ರಣಾಲಿಯ ಕೈಯಿಂದ ಹಿಟ್ಟಿನ ಡಬ್ಬಿ ಜಾರಿತು.

"ಏನಾತು?" ಎಂದು ಶಾಲನ ಕೂಗಿದಳು.

"ಏನಿಲ್ಲರಿ," ಎಂದಳು ಪ್ರಣಾಲಿ. ಹೇಳಬಹುದಾಗಿದ್ದ ಇನ್ನೊಂದು ಹೊತ್ತು ಹಿಟ್ಟಿನ ಜೊತೆ ನೆಲದ ಪಾಲಾಯಿತು.

ಚೌಕಾದ ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಮನೆ ಕನ್ನಡಿಯಾಗಿತ್ತು. ಗೋಧಿ ಕೈಬೀಸುವ ಕಲ್ಲಿನಲ್ಲಿ ಬೀಸಿದ್ದಾಯಿತು. ಹೊಸ ಬಟ್ಟೆಯಲ್ಲಿ ಸೋಸಿದ ಬಾವಿಯ ನೀರು ತುಂಬಿದ್ದಾಯಿತು. ಭರತೇಶ ಆ ದಿನ ದುಕಾನ ಬೇಗ ಮುಚ್ಚಿ ಬಂದು, ಯಾರೂ ಹೇಳದಿದ್ದರೂ ಚೌರಂಗವನ್ನು ಪಡಸಾಲೆಯ ನಟ್ಟನಡುವೆ ಎಳೆದು, ಮೊಣಕಾಲೂರಿ ಓರೆಯಾಗಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

ನಾಲ್ಕು ಗಂಟೆಗೆ ಆಜಿ ಎಲ್ಲರನ್ನೂ ಬಾಗಿಲಲ್ಲಿ ನಿಲ್ಲಿಸಿದಳು. ನಾಳೆ ಮುನಿಗಳು ಈ ಓಣಿಯಲ್ಲಿ ಬರುವಾಗ ಕರೆಯುವ ಮಾತು ಬಾಯಿಗೆ ಬರಬೇಕು.

"ಪ್ರತೀಕ, ನೀ ಗೇಟಿನ ಕಡೆಯಿಂದ ಬಾ. ಸ್ವಾಮಿಗಳು ಬಂದಂಗ ಸಾವಕಾಶ."

ಪ್ರತೀಕ ಮುಖ ಗಂಭೀರ ಮಾಡಿಕೊಂಡು ಬಂದ.

"ಕೈಯಾಗೇನೋ ಅದು?"

"ಪಿಂಛಿ ಬೇಕಲ್ರಿ ಆಜಿ."

"ನವಿಲಗರಿ ಪಿಂಛಿ ಅಂತ ಕಸಬರಗಿ ಹಿಡದೀಯಲ್ಲೋ ಮುಡದಾರಾ! ಇಡು ಅದನ್ನ!" ಶಾಲನ ಸೆರಗು ಬಾಯಿಗೆ ಒತ್ತಿಕೊಂಡಳು. ಭರತೇಶ ಕೂಡ ನಕ್ಕ. ನಗು ತಗ್ಗಿದ ಮೇಲೆ ಆಜಿ ಕಳಶವನ್ನು ಪ್ರಣಾಲಿಯ ಕೈಗೆ ಕೊಟ್ಟಳು.

"ನನ್ನ ಧ್ವನಿ ಹೋಗೇತಿ. ಮುಂದ ನಿಂತು ಅನ್ನಾಕಿ ನೀನು. ನೀ ಅಂದ್ಹಂಗ ನಾವು ಅಂತೀವಿ. ಅನ್ನು."

"ನಮೋಸ್ತು ಸ್ವಾಮೀ, ನಮೋಸ್ತು, ನಮೋಸ್ತು. ಅತ್ರ ತಿಷ್ಠ, ತಿಷ್ಠ..."

"ಇರಿವಿಗೆ ಹೇಳಾಕತ್ತಿಯೇನು? ಸ್ವಾಮಿಗಳಿಗೆ ಕೇಳಸಬೇಕು. ಜೋರಾಗಿ."

"ನಮೋಸ್ತು ಸ್ವಾಮೀ, ನಮೋಸ್ತು, ನಮೋಸ್ತು. ಅತ್ರ ತಿಷ್ಠ, ತಿಷ್ಠ. ಮನಶುದ್ಧಿ, ವಚನ..."

ಅವಳು ನಿಂತಳು.

"ವಚನಶುದ್ಧಿ, ಕಾಯಶುದ್ಧಿ," ಎಂದು ಶಾಲನ ಹಿಂದಿನಿಂದ ಪಿಸುಗುಟ್ಟಿದಳು. "ಆಹಾರ ಜಲ ಶುದ್ಧ. ಮರತೀ ಏನು?"

"ಇಲ್ಲರಿ."

"ಮತ್ತ? ಮೊದಲಿಂದ ಅನ್ನು," ಎಂದಳು ಆಜಿ. "ನನ್ನ ಮನಸು ಶುದ್ಧ ಐತಿ, ನನ್ನ ಮಾತು ಶುದ್ಧ ಐತಿ ಅಂತ ಹೇಳಿದರನs ಅವರು ಒಳಗ ಬರೂದು. ಸುಮ್ಮನ ಕರದರ ಬರೂದಿಲ್ಲ."

ಪ್ರಣಾಲಿ ಕಳಶದ ಮೇಲಿಂದ ಒಳಗೆ ನೋಡಿದಳು. ಪಡಸಾಲೆಯ ನಡುವೆ ಚೌರಂಗ ಹೊಳೆಯುತ್ತಿತ್ತು. ಕಿಟಕಿಯ ಬಿಸಿಲು ತೇಪೆಯ ಮೂಲೆಯ ಮೇಲೆ ಬಿದ್ದಿತ್ತು. ಅವಳ ಟೇಬಲ್ಲಿನ ಕೆಳಗೆ, ಹಳೆಯ ಕಾಲೇಜಿನ ಬ್ಯಾಗಿನಲ್ಲಿ, ಕಾಕಾ ಕೊಟ್ಟ ಸ್ಪಿರಿಟ್ ಮತ್ತು ಅಗಸೆ ಎಣ್ಣೆಯ ಬಾಟಲಿಗಳಿದ್ದವು. ಹೊತ್ತು ಮುಳುಗಲು ಇನ್ನೂ ಎರಡೂವರೆ ತಾಸಿತ್ತು.

"ನಮೋಸ್ತು ಸ್ವಾಮೀ," ಎಂದು ಸುರು ಮಾಡಿದಳು. "ನಮೋಸ್ತು, ನಮೋಸ್ತು. ಅತ್ರ ತಿಷ್ಠ, ತಿಷ್ಠ. ಮನಶುದ್ಧಿ..."

ಆಮೇಲೆ ಬಗ್ಗಿ ಕಳಶವನ್ನು ಹೊಸ್ತಿಲ ಪಕ್ಕ ಇಟ್ಟಳು. ಗೇಟಿನ ಹತ್ತಿರ ಪ್ರತೀಕ ತಲೆಯೆತ್ತಿದ. ಭರತೇಶ ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಪ್ರಣಾಲಿ ಆಜಿಯ ಕಡೆ ತಿರುಗಿದ್ದಳು, ಮತ್ತು ಅವಳ ದನಿ ಓಣಿಯ ಆಚೆ ಬದಿಗೆ ಕೇಳುವಷ್ಟು ಎದ್ದಿತ್ತು.

"ಆಜಿ, ಚೌರಂಗಕ್ಕ ನಾ ಹಚ್ಚಿದ್ದು ಲಾಖರಿ."